ಸಾಬೀತಾಗದ ಹಾಜರಿ

“ಇವರನ್ನು ನಾನು ನೋಡಿಲ್ಲ,” ಎಂದು ಇನ್ಸ್‌ಪೆಕ್ಟರ್ ಅವಳ ಮುಖವನ್ನೇ ನೋಡುತ್ತ ಹೇಳಿದ.

ಸರ್ಕಾರಿ ವಕೀಲ ಬಿಡಲಿಲ್ಲ. “ಸರಿಯಾಗಿ ನೋಡಿ. ಆಸ್ಪತ್ರೆ ಮುಂದೆ ರಸ್ತೆ ತಡೆದವರಲ್ಲಿ ಈ ಇಬ್ಬರು ಇದ್ದರಾ?”

“ತುಂಬಾ ಜನ ಇದ್ದರು ಸಾರ್. ಇವರೇ ಅಂತ ಹೇಳೋಕಾಗಲ್ಲ.”

ಕಟಕಟೆಯಲ್ಲಿ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬ ಆರೋಪಿ, ಆ ಆಸ್ಪತ್ರೆಯ ನರ್ಸ್, ಅವಳ ಕೈ ಅದುಮಿದಳು. ಹಿಂದಿನ ಬೆಂಚಿನಲ್ಲಿ ಗಂಡ ನಿರಾಳವಾಗಿ ಉಸಿರುಬಿಟ್ಟದ್ದು ಇಲ್ಲಿಗೇ ಕೇಳಿಸಿತು. ಅವಳಿಗೂ ಹಗುರವಾಯಿತು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಕೇಸು ತಲೆಯ ಮೇಲೆ ತೂಗುತ್ತಿದ್ದಷ್ಟು ಕಾಲವೂ ಬಡ್ತಿಯಿಲ್ಲ, ಪ್ರಿನ್ಸಿಪಾಲರ ಓರೆನೋಟ ತಪ್ಪಿದ್ದಿಲ್ಲ. ಇಂದಿಗೆ ಅದೆಲ್ಲ ಮುಗಿಯುತ್ತದೆ.

ಆದರೆ ಇನ್ಸ್‌ಪೆಕ್ಟರ್ ಅವಳನ್ನು ನೋಡಿದ್ದ. ಹೆರಿಗೆ ವಾರ್ಡು ಮುಚ್ಚಬಾರದೆಂದು ರಸ್ತೆಯ ಮೇಲೆ ಕೂತಿದ್ದ ಆ ದಿನ ರಟ್ಟೆ ಹಿಡಿದು ವ್ಯಾನಿಗೆ ಹತ್ತಿಸಿದವನು ಅವನೇ. ನೂಕಾಟದಲ್ಲಿ ಬಿದ್ದ ಅವಳ ಕನ್ನಡಕವನ್ನು ಹೆಕ್ಕಿ, ಅಂಗಿಯ ತುದಿಯಿಂದ ಒರೆಸಿದ್ದ. ಅವಳ ಕೈಗಳನ್ನು ಇಬ್ಬರು ಪೇದೆಗಳು ಹಿಡಿದಿದ್ದರಿಂದ ತಾನೇ ಅದನ್ನು ಅವಳ ಮೂಗಿನ ಮೇಲೆ ಕೂರಿಸಿದ್ದ. ಗಂಟಲು ಹರಿಯುವಂತೆ ಕೂಗುತ್ತಿದ್ದವಳು ಅಷ್ಟು ಹೊತ್ತು ಸುಮ್ಮನಿದ್ದು, ಕನ್ನಡಕ ನೆಟ್ಟಗೆ ಕೂತ ಮೇಲೆ ಮತ್ತೆ ಕೂಗಿದ್ದಳು. ಅದಕ್ಕೆ ಮುಂಚೆ ಅವಳು ಯಾರೆದುರೂ ದನಿಯೆತ್ತಿದವಳಲ್ಲ. ಆಮೇಲೂ ಎತ್ತಲಿಲ್ಲ.

ಸರ್ಕಾರಿ ವಕೀಲನ ಹತ್ತಿರ ಬೇರೆ ಸಾಕ್ಷಿ ಇರಲಿಲ್ಲ. ನ್ಯಾಯಾಧೀಶೆ ತಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ನೀವು ಆ ದಿನ ಅಲ್ಲಿ ಇದ್ದಿರಿ ಅಂತ ಆರೋಪ. ಏನು ಹೇಳ್ತೀರಿ?”

ಉತ್ತರವನ್ನು ಅವಳ ವಕೀಲ ಬೆಳಿಗ್ಗೆಯೇ ಕಲಿಸಿದ್ದ. ಒಂದೇ ಮಾತು, ಬಾಲ ಸೇರಿಸಬೇಡಿ ಎಂದಿದ್ದ.

‘ಇದ್ದೆ’ ಎಂಬುದು ನಾಲಿಗೆಯ ತುದಿಗೆ ಬಂತು. ಹಾಗೆಂದರೆ ಪಕ್ಕದಲ್ಲಿರುವವಳೂ ಮುಳುಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ನೆಪ ಅನುಕೂಲವಾಗಿತ್ತು. ನಿಜವೂ ಆಗಿತ್ತು.

“ಸುಳ್ಳು,” ಎಂದಳು. ಮಾತು ಬೆಣ್ಣೆಯಂತೆ ಜಾರಿ ಹೊರಗೆ ಬಂತು.

ನ್ಯಾಯಾಧೀಶೆ ಟೈಪಿಸ್ಟ್ ಕಡೆ ತಿರುಗಿ, ಆರೋಪಿಗಳು ಸ್ಥಳದಲ್ಲಿ ಹಾಜರಿದ್ದರೆಂಬುದು ಸಾಬೀತಾಗಿಲ್ಲ, ಇಬ್ಬರನ್ನೂ ಬಿಡುಗಡೆ ಮಾಡಲಾಗಿದೆ ಎಂದು ಬರೆಸಿದರು. ಮುಂದಿನ ಕೇಸಿನವರು ಆಗಲೇ ಕಟಕಟೆಯ ಹತ್ತಿರ ನಿಂತು ದಾರಿ ಬಿಡಿ ಎನ್ನುತ್ತಿದ್ದರು.

ಹೊರಗೆ ನರ್ಸ್ ಅವಳನ್ನು ತಬ್ಬಿಕೊಂಡಳು. “ಹಾಗಾದ್ರೆ ಅವತ್ತು ನಾವೆಲ್ಲಿದ್ವಿ ಮೇಡಂ? ನಾನಂತೂ ಮನೇಲಿ ಬಟ್ಟೆ ಒಗೀತಿದ್ದೆ ಅಂತ ಇಟ್ಕೋತೀನಿ. ನಿಮ್ಮದು ನೀವು ನೋಡ್ಕೊಳ್ಳಿ.” ಡ್ಯೂಟಿಗೆ ಹೊತ್ತಾಯಿತೆಂದು ನಗುತ್ತಲೇ ಮೆಟ್ಟಿಲಿಳಿದು ಹೋದಳು.

ಇನ್ಸ್‌ಪೆಕ್ಟರ್ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ. ಅವಳ ಕಾಲುಗಳು ಅತ್ತ ಹೋದವು.

“ನಿಜವಾಗ್ಲೂ ಗುರುತು ಸಿಗಲಿಲ್ವಾ?”

“ಒಳ್ಳೇದಾಯ್ತಲ್ಲ ಮೇಡಂ. ಬಿಡಿ.”

“ಆದ್ರೂ.”

ಅವನು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡ. “ಈ ಫ್ರೇಮು ಚೆನ್ನಾಗಿದೆ. ಹಳೇದು ತೀರಾ ಭಾರ ಇತ್ತು,” ಎಂದು ಟೋಪಿ ಹಾಕಿಕೊಂಡು ಹೊರಟ.

ಅವಳಿಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಅವಳು ಅಲ್ಲಿದ್ದದ್ದು ಒಬ್ಬನಿಗಾದರೂ ನೆನಪಿದೆ. ಇಲ್ಲವೆಂದು ಪ್ರಮಾಣ ಮಾಡಿದವನಿಗೇ.

“ಏನಂತೆ ಅವನು?” ಗಂಡ ಕಾರಿನ ಬಾಗಿಲು ತೆಗೆಯುತ್ತ ಕೇಳಿದ.

“ಏನಿಲ್ಲ. ಕನ್ನಡಕ ಚೆನ್ನಾಗಿದೆ ಅಂದ.”

“ಅವನಿಗ್ಯಾಕಂತೆ ಅದು?”

ದಾರಿಯುದ್ದಕ್ಕೂ ಗಂಡ ಗುನುಗಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ. ಒಂದು ದಿನವೂ ಹಂಗಿಸಿದವನಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಅವಳ ಮಂಡಿ ತಟ್ಟಿದ. “ಇನ್ನು ಅದನ್ನೆಲ್ಲ ಮರೆತುಬಿಡು.”

“ಯಾವುದನ್ನ?”

“ಅದೇ.”

“ನಾನು ಅಲ್ಲಿರಲೇ ಇಲ್ವಲ್ಲ,” ಎಂದಳು.

ಗಂಡ ಜೋರಾಗಿ ನಕ್ಕ. ಅವಳೂ ನಕ್ಕಳು. ನಗು ನಿಜವಾದದ್ದೇ. ಹೊಟ್ಟೆ ಹಸಿದಿತ್ತು, ಬಿಸಿಲು ಹಿತವಾಗಿತ್ತು, ನಾಳೆ ಕಾಲೇಜಿಗೆ ತಲೆಯೆತ್ತಿ ಹೋಗಬಹುದಿತ್ತು.

ಈ ದಿನದ ಖುಷಿಗೆ ಒಂದು ಜೊತೆ ಹೊಸ ಚಪ್ಪಲಿ ಕೊಡಿಸುತ್ತೇನೆಂದು ಗಂಡ ಊರ ನಡುವಿನ ದೊಡ್ಡ ಅಂಗಡಿ ಸಂಕೀರ್ಣದ ಮುಂದೆ ಕಾರು ನಿಲ್ಲಿಸಿದ. ಮಾತಾಡುತ್ತಲೇ ಮುಂದೆ ನಡೆದ. ಗಾಜಿನ ಬಾಗಿಲು ತಾನಾಗಿಯೇ ಇಬ್ಭಾಗವಾಗಿ ಅವನನ್ನು ಒಳಗೆ ಬಿಟ್ಟುಕೊಂಡು ಮುಚ್ಚಿಕೊಂಡಿತು. ಎರಡು ಹೆಜ್ಜೆ ಹಿಂದಿದ್ದ ಅವಳು ಬಾಗಿಲ ಮುಂದೆ ಬಂದು ನಿಂತಳು. ಅದು ತೆರೆಯಲಿಲ್ಲ.

ಪಕ್ಕದ ಸ್ಟೂಲಿನ ಮೇಲಿದ್ದ ಕಾವಲುಗಾರ ಎದ್ದೇಳದೆ ಹೇಳಿದ. “ಸ್ವಲ್ಪ ಹಿಂದೆ ಹೋಗಿ ಮತ್ತೆ ಬನ್ನಿ ಮೇಡಂ. ಒಂದೊಂದು ಸಲ ಅದಕ್ಕೆ ಕಾಣಲ್ಲ.”

ಅವಳು ಹಿಂದೆ ಸರಿದು ಮತ್ತೆ ಬಂದಳು. ಗಾಜು ಅಲುಗಲಿಲ್ಲ. ಒಳಗೆ ದೀಪಗಳ ಬೆಳಕಿನಲ್ಲಿ ಗಂಡ, ಪಕ್ಕದಲ್ಲೇ ಇದ್ದಾಳೆಂದುಕೊಂಡು, ಅತ್ತಿತ್ತ ಬೆರಳು ತೋರಿಸಿ ಏನೋ ಹೇಳುತ್ತ, ನಡುನಡುವೆ ತಲೆಯಾಡಿಸುತ್ತ, ನಡೆದೇ ಹೋಗುತ್ತಿದ್ದ.