ಎಣ್ಣೆ ಹೆಚ್ಚುವ ಎಂಜಿನ್

ಹೊಸ ಪಿಕಪ್ ತಂದ ಮೇಲೆ, ಪ್ರತಿ ಭಾನುವಾರ ಚರ್ಚಿಗೆ ಹೊರಡುವ ಮೊದಲು ಬಾನೆಟ್ ಎತ್ತಿ ಎಂಜಿನ್ ಆಯಿಲ್ ನೋಡುವುದು ನನಗೆ ಅಭ್ಯಾಸವಾಯಿತು. ಬೇರೆಯವರ ಗಾಡಿಯಲ್ಲಿ ಆಯಿಲ್ ಇಳಿಯುತ್ತದೆ, ನನ್ನದರಲ್ಲಿ ವಾರವಾರ ಏರುತ್ತಿತ್ತು. ಅಳತೆ ಕಡ್ಡಿಯ ಗುರುತು ದಾಟಿ ಬೆರಳಗಲ ಮೇಲೆ ಬಂದಾಗ ಹಿರಿಹಿರಿ ಹಿಗ್ಗಿದೆ. ಮಿನೆಸೋಟದಲ್ಲಿ ನಲವತ್ತು ವರ್ಷ ಸೋಯಾ ಬೆಳೆದ ಮನುಷ್ಯ ನಾನು. ಆಯಿಲ್ ತಾನಾಗಿ ಹುಟ್ಟುತ್ತದೆಂದು ನಂಬಿದೆ.

ಎಲ್ಲ ನನ್ನ ಜೈವಿಕ ಡೀಸೆಲ್‌ನ ಮಹಿಮೆ ಎಂದು ಊರಿಗೆಲ್ಲ ಸಾರಿದೆ. ಕೆಫೆಯಲ್ಲಿ ಮೀನು ಕರಿದು ಉಳಿದ ಎಣ್ಣೆ ತಂದು ಕೊಟ್ಟಿಗೆಯಲ್ಲಿ ನಾನೇ ತಯಾರಿಸುತ್ತಿದ್ದೆ. ಹಳೆಯ ಟ್ರಕ್ಕು ಅದರಲ್ಲೇ ಇಪ್ಪತ್ತು ವರ್ಷ ಓಡಿತ್ತು. ಹೊಸದರ ಕೈಪಿಡಿ ಮಾತ್ರ ನೂರಕ್ಕೆ ಇಪ್ಪತ್ತು ಪಾಲಿಗಿಂತ ಹೆಚ್ಚು ಬೆರೆಸಬೇಡಿ ಎಂದಿತ್ತು. ಆ ಪುಟ ವಕೀಲರು ಬರೆದದ್ದೆಂದು ತೀರ್ಮಾನಿಸಿ ನೂರಕ್ಕೆ ನೂರು ತುಂಬಿಸಿದೆ.

ಮೆಕ್ಯಾನಿಕ್ ಆರ್ಲೋಗೂ ಕೊಚ್ಚಿಕೊಂಡೆ.

"ಆಯಿಲ್ ಏರ್ತಿದೆಯಾ? ವಿಚಿತ್ರ ಕಣಯ್ಯ ಹಾಲ್ವರ್," ಅಂದ. "ಕೆಲವರಾದ್ರೆ ಆಯಿಲ್ ಬದಲಾಯಿಸ್ತಾರೆ."

ನಮ್ಮ ಕಡೆ ಇದಕ್ಕಿಂತ ಜೋರಾಗಿ ಯಾರೂ ಎಚ್ಚರಿಸುವುದಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಹೆಂಡತಿ ಮಾರ್ಲಿಸಳ ತಂಗಿ ಆರ್ಡಿಸ್ ಅಕ್ಕನಿಗೆ ಫೋನ್ ಮಾಡಿ, ಕಾಫಿಗೆ ಫಾರ್ಗೋ ಪಟ್ಟಣದ ತನ್ನ ಮನೆಗೆ ಬಾ ಎಂದಳು. ಹನ್ನೊಂದು ವರ್ಷದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಕಾರಣ ನಾನೇ. ಜನವರಿಯ ಚಳಿಯಲ್ಲಿ ಆರ್ಡಿಸಳ ಗಾಡಿಗೆ ಪ್ರೀತಿಯಿಂದ ನನ್ನ ಡೀಸೆಲ್ ತುಂಬಿಸಿದ್ದೆ. ಅದು ದಾರಿಯಲ್ಲಿ ಬೆಣ್ಣೆಯಾಗಿ ಗಾಡಿ ನಿಂತು, ಅವಳಿಗೆ ಮಗನ ಮದುವೆಯೇ ತಪ್ಪಿತು. ಕ್ಷಮೆ ಕೇಳುವುದು ಬಿಟ್ಟು, ಇಂಧನ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆಂದು ಅವಳಿಗೆ ವಿವರಿಸಿದೆ. ಪಾಪ, ಮಾರ್ಲಿಸ್ ಗಂಡನ ಪರ ವಹಿಸಿದಳು.

ಈಗ ಅವಳು ಪಿಕಪ್‌ನಲ್ಲಿ ನನ್ನ ಪಕ್ಕ ಕೂತು, ತೊಡೆಯ ಮೇಲೆ ಕೇಕಿನ ತಟ್ಟೆ ಇಟ್ಟುಕೊಂಡು, ದಾರಿಯುದ್ದಕ್ಕೂ ಮೊದಲ ಮಾತು ಏನಾಡಬೇಕೆಂದು ಪಿಸುಗುಟ್ಟುತ್ತಿದ್ದಳು. ಫಾರ್ಗೋ ಇನ್ನು ಹನ್ನೆರಡು ಮೈಲಿ ಇರುವಾಗ ಆಯಿಲ್‌ನ ಕೆಂಪು ದೀಪ ಹತ್ತಿತು. ಎಂಜಿನ್ ಟಕಟಕ ಬಡಿದು ನಿಂತೇ ಹೋಯಿತು. ಆರ್ಲೋಗೆ ಫೋನ್ ಹಚ್ಚಿದೆ.

"ಹೊಗೆ ಸೋಸೋ ಫಿಲ್ಟರಿನ ಮಸಿ ಸುಡೋಕೆ ಹೊಸ ಎಂಜಿನ್ನು ಆಗಾಗ ಡೀಸೆಲ್ ಜಾಸ್ತಿ ಚಿಮ್ಮಿಸುತ್ತೆ. ಬಂಕಿನದಾದ್ರೆ ಆವಿಯಾಗಿ ಹೋಗುತ್ತೆ. ನಿಂದು ಹೋಗದೆ ಕೆಳಗಿಳಿದು ಆಯಿಲ್‌ಗೆ ಸೇರಿದೆ. ಆಯಿಲ್ ತೆಳ್ಳಗಾಗಿ ಎಂಜಿನ್ ಕಚ್ಕೊಂಡಿದೆ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ನಲ್ಲ, ವಿಚಿತ್ರ ಅಂತ."

ಮಾರ್ಲಿಸ್ ತಂಗಿಗೆ ಫೋನ್ ಮಾಡಿ, "ಬರೋಕಾಗ್ತಿಲ್ಲ ಕಣೇ, ಹನ್ನೆರಡು ಮೈಲಿ ಈಚೆ ಗಾಡಿ ನಿಂತಿದೆ," ಅಂದಳು.

ಅರ್ಧ ಗಂಟೆಯಲ್ಲಿ ಆರ್ಡಿಸಳೇ ತನ್ನ ಪೆಟ್ರೋಲ್ ಕಾರಿನಲ್ಲಿ ಬಂದಳು. ಗಾಳಿ ಮೂಸಿದಳು. ಕರಿದ ಮೀನಿನ ವಾಸನೆ.

"ಏನು ಭಾವ, ಈ ಸಲ ಎಷ್ಟು ಡಿಗ್ರಿಗೆ ಹೆಪ್ಪುಗಟ್ತು?"

ಫಿಲ್ಟರಿನ ವಿವರಣೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಾರ್ಲಿಸ್ ತಟ್ಟೆಯನ್ನು ಎದೆಗವಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ನುಂಗಿಕೊಂಡೆ.

"ತಪ್ಪು ನಂದು ಆರ್ಡಿಸ್. ಅವತ್ತೂ ನಂದೇ, ಇವತ್ತೂ ನಂದೇ."

ಆರ್ಡಿಸ್ ಅಕ್ಕನ ಕೈಯಿಂದ ತಟ್ಟೆ ತೆಗೆದು ಸೀಟಿನ ಮೇಲಿಟ್ಟು, ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಬನ್ನಿ ಭಾವ, ಹಿಂದೆ ಕೂತ್ಕೊಳ್ಳಿ."

ನಮ್ಮಲ್ಲಿ ಯಾರೇನು ಕೊಟ್ಟರೂ, ಎಲ್ಲಿಗೆ ಕರೆದರೂ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ಒಪ್ಪಬೇಕು. ಕರೆಯುವವರಿಗೂ ಅದು ಗೊತ್ತು.

"ಬೇಡ, ಗಾಡಿ ಎಳೆಯೋರು ಬರ್ತಾರೆ," ಅಂದೆ.

"ಕಾಫಿ ರೆಡಿ ಇದೆ, ಬನ್ನಿ."

"ಪರವಾಗಿಲ್ಲ, ನಿಮಗ್ಯಾಕೆ ತೊಂದರೆ."

ಆರ್ಡಿಸ್ ಅಕ್ಕನ ಮುಖ ನೋಡಿದಳು, ಅಕ್ಕ ತಂಗಿಯ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಕಾರು ಹತ್ತಿ ಬಾಗಿಲು ಹಾಕಿಕೊಂಡು ಹೊರಟೇ ಬಿಟ್ಟರು. ಹಿಂದಿನ ಬಾಗಿಲ ಹಿಡಿಕೆಗೆಂದು ಚಾಚಿದ್ದ ಕೈಯನ್ನು ನಾನು ಟಾಟಾ ಮಾಡುವವನ ಹಾಗೆ ಆಡಿಸಿದೆ.