ಕೊಯ್ದವರೇ ತಿನ್ನಬೇಕು

ಅಜ್ಜನ ಕಲ್ಲಂಗಡಿ ಹೊಲದಲ್ಲಿ ಇದ್ದದ್ದು ಒಂದೇ ಕಾನೂನು: ಕೊಯ್ದವರೇ ತಿನ್ನಬೇಕು. ಹಣ್ಣೆಂದುಕೊಂಡು ಕೊಯ್ದದ್ದು ಒಳಗೆ ಬೆಳ್ಳಗಿದ್ದರೆ, ಕೊಯ್ದವರು ಮುಖ ಸಿಂಡರಿಸದೆ ಪೂರ್ತಿ ಮುಗಿಸಬೇಕು. ಉಪ್ಪೂ ಇಲ್ಲ, ಸಕ್ಕರೆಯೂ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದನ್ನು ನಮ್ಮ ಮನೆಯವರು ಅಕ್ಷರಶಃ ಪಾಲಿಸುತ್ತಿದ್ದರು. ಬೇಸಿಗೆ ರಜೆಗೆ ಹೋದಾಗಲೆಲ್ಲ ಅಮ್ಮ ಒಂದೆರಡಾದರೂ ಬಿಳಿಕಾಯಿ ತಿನ್ನುತ್ತಿದ್ದಳು. ಹಟ ಅವಳಿಗೆ. ಅಪ್ಪ ಜಾಣ, ಅಲ್ಲೇ ಹುಟ್ಟಿ ಬೆಳೆದವನಾದರೂ ಒಂದನ್ನೂ ಕೊಯ್ಯದೆ, ಬೇರೆಯವರು ಕೊಯ್ದ ಹಣ್ಣಿಗೆ ಬಾಯಿ ಹಾಕುತ್ತಿದ್ದ.

ಅಜ್ಜ ತಪ್ಪಿದ್ದೇ ಇಲ್ಲ. ಮಂಡಿಯೂರಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಡುತ್ತಿದ್ದ. ಟಣ್ ಎಂದರೆ ಕಾಯಿ, ಡಬ್ ಎಂದರೆ ಹಣ್ಣು. ಆ ಎರಡರ ನಡುವೆ ಇನ್ನೆಷ್ಟೋ ಸದ್ದುಗಳಿವೆ, ಅಲ್ಲೇ ಎಲ್ಲರೂ ಮುಗ್ಗರಿಸುವುದು. ಸಂತೆಗೆ ಒಯ್ಯುವ ವ್ಯಾನಿನವನು ಅಜ್ಜ ಕೊಯ್ದದ್ದನ್ನು ಬಡಿದೂ ನೋಡದೆ ತುಂಬಿಕೊಳ್ಳುತ್ತಿದ್ದ. ಅಜ್ಜನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇಕಿರಲಿಲ್ಲ.

ಆ ವರ್ಷ ನಾನೊಂದು ಗುಟ್ಟು ಕಂಡುಹಿಡಿದೆ. ಬಡಿದಾದ ಮೇಲೆ ಅಜ್ಜ ಕಾಯಿಯನ್ನಲ್ಲ, ಅಜ್ಜಿಯನ್ನು ನೋಡುತ್ತಿದ್ದ. ಅವಳು ಕಳೆ ಕೀಳುವ ನೆಪದಲ್ಲಿ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದಳು. ಹಣ್ಣಾಗಿದ್ದರೆ ಕೂದಲನ್ನು ಕಿವಿಯ ಹಿಂದೆ ಸೇರಿಸುತ್ತಿದ್ದಳು, ಅಷ್ಟೇ. ಕೂಗಿದರೂ ತಿರುಗದ ಅಜ್ಜನಿಗೆ ಜಂಬ ಬಂದಿದೆ ಎಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗಿಷ್ಟು! ಅಪ್ಪನಿಗೆ ಮಾತ್ರ ಇದು ಗೊತ್ತಾಗಬಾರದಿತ್ತು. ಬಂದಾಗಲೆಲ್ಲ ಅವನದು ಒಂದೇ ರಾಗ: “ಕಣ್ಣೋ ಕಿವಿನೋ ಕೈಕೊಟ್ಟ ದಿನ ಹೊಲ ಗುತ್ತಿಗೆಗೆ ಕೊಟ್ಬಿಡಿ ಅಪ್ಪಾ.” ಹೊಲವಿಲ್ಲದ ಅಜ್ಜನನ್ನು ಊಹಿಸಿಕೊಳ್ಳಲೂ ನನಗೆ ಹೆದರಿಕೆಯಾಗುತ್ತಿತ್ತು.

ವ್ಯಾನು ಬರುವ ಹಿಂದಿನ ಸಂಜೆ ಅಜ್ಜಿ ಕಾಲುವೆ ದಾಟುವಾಗ ಕಾಲು ಉಳುಕಿಸಿಕೊಂಡಳು. ಪಾದ ಬನ್ನಿನ ಹಾಗೆ ಊದಿತು. ಬೆಳಿಗ್ಗೆ ಅವಳನ್ನು ಜಗಲಿಯ ಮಂಚದ ಮೇಲೆ ಮಲಗಿಸಿದೆವು. ಅಲ್ಲಿಂದ ಹೊಲ ಕಾಣುವುದಿಲ್ಲ, ಕೊಟ್ಟಿಗೆ ಅಡ್ಡ.

ಅಜ್ಜ ಕುಡುಗೋಲು ಹಿಡಿದು ಒಬ್ಬನೇ ಹೊಲಕ್ಕಿಳಿದ. ಬಡಿದ, ಕಿವಿಯಿಟ್ಟ, ಮುಂದಿನದಕ್ಕೆ ಹೋದ. ಮತ್ತೆ ಬಡಿದ. ಮೊದಲ ಸಾಲು ಮುಗಿದರೂ ಒಂದನ್ನೂ ಕೊಯ್ಯಲಿಲ್ಲ. ಪ್ರತಿ ಸಲವೂ ತಲೆಯೆತ್ತಿ ಅಜ್ಜಿಯ ಖಾಲಿ ಜಾಗವನ್ನು ನೋಡುವುದನ್ನು ಕಂಡು ನನಗೆ ಅಳು ಬಂತು.

“ಏನಪ್ಪಾ, ಒಂದೂ ಹಣ್ಣಾಗಿಲ್ವಾ?” ಬುಟ್ಟಿ ಹಿಡಿದು ನಿಂತಿದ್ದ ಅಪ್ಪ ಕೇಳಿದ. ಅಜ್ಜ ತಿರುಗಲಿಲ್ಲ. ಅಪ್ಪ ಹುಬ್ಬು ಗಂಟಿಕ್ಕಿದ.

ಅಮ್ಮ ಚಪ್ಪಲಿ ಕಳಚಿದಳು. “ಕೆಲಸದಲ್ಲಿರೋರನ್ನ ಮಾತಾಡಿಸ್ಬೇಡಿ ಅಂತ ಎಷ್ಟು ಸಲ ಹೇಳೋದು ನಿಮಗೆ?” ಎನ್ನುತ್ತಾ ಹೋಗಿ, ಅಜ್ಜಿ ಕೂರುತ್ತಿದ್ದಷ್ಟೇ ದೂರದಲ್ಲಿ ಕೂತು ಕಳೆ ಕೀಳತೊಡಗಿದಳು. ಅಜ್ಜ ಬಡಿದ. ರೂಢಿಯಂತೆ ತಲೆಯೆತ್ತಿದ. ಅಮ್ಮ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು.

ಅಜ್ಜ ನೋಡುತ್ತಲೇ ಇದ್ದ. ವರ್ಷಾ ವರ್ಷಾ ಬಿಳಿಕಾಯಿ ತಿಂದ ಸೊಸೆ! ಇವಳನ್ನು ನಂಬಿ ಕೊಯ್ದರೆ ಗಳಿಸಿದ ಹೆಸರೆಲ್ಲ ಮಣ್ಣುಪಾಲಾಗಬಹುದಿತ್ತು. ಕೊನೆಗೆ ಬಾಗಿ ತೊಟ್ಟು ಕತ್ತರಿಸಿದ.

ಆಮೇಲೆ ಕೆಲಸ ನಿಲ್ಲಲಿಲ್ಲ. ಅಪ್ಪನೂ ನಾನೂ ಹೊತ್ತು ಹೊತ್ತು ಜಗಲಿಯಲ್ಲಿ ರಾಶಿ ಹಾಕಿದೆವು. ಅಮ್ಮ ಯಾರ ಜಾಗದಲ್ಲಿ ಕೂತಿದ್ದಾಳೆಂದು ಮೊದಲ ಬುಟ್ಟಿ ಇಳಿಸುವಾಗಲೇ ಅಜ್ಜಿಯ ಕಿವಿಯಲ್ಲಿ ಉಸುರಿದ್ದೆ. ಮಂಚದ ಪಕ್ಕ ಇಳಿಸಿದ ಒಂದೊಂದನ್ನೂ ಅಜ್ಜಿ, ಬೇಜಾರು ಕಳೆಯಲೆಂಬಂತೆ, ಮಲಗಿದಲ್ಲಿಂದಲೇ ಬಡಿಯುತ್ತಿದ್ದಳು. ಡಬ್. ಡಬ್. ಡಬ್. ನನ್ನ ಅಮ್ಮ ಅಷ್ಟು ಬಿಳಿಕಾಯಿಗಳನ್ನು ಸುಮ್ಮನೆ ತಿಂದಿರಲಿಲ್ಲ. ಪ್ರತಿಯೊಂದರ ಸದ್ದನ್ನೂ ನೆನಪಿಟ್ಟುಕೊಂಡೇ ತಿಂದಿದ್ದಳು. ಹೆಮ್ಮೆಯಿಂದ ನನಗೆ ಬುಟ್ಟಿಯ ಭಾರವೇ ತಿಳಿಯಲಿಲ್ಲ.

ಕೊನೆಯ ಬುಟ್ಟಿಯ ಹೊತ್ತಿಗೆ ಅಜ್ಜಿಯ ಕೈ ನಿಂತಿತು. “ಬಾಯಿಬಡುಕಿ, ಇದನ್ನ ಪಕ್ಕಕ್ಕಿಡು,” ಎಂದಳು ನನಗೆ. ಅಪ್ಪ ಆಚೆ ಹೋದದ್ದನ್ನು ನೋಡಿಕೊಂಡು ನಕ್ಕಳು. “ಇಷ್ಟು ದೊಡ್ಡ ರಾಶೀಲಿ ಒಂದೇ ಒಂದು! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.”

ವ್ಯಾನಿನವನು ಬಂದ, ಎಂದಿನಂತೆ ಬಡಿದೂ ನೋಡದೆ ತುಂಬಿಕೊಂಡು ಹೋದ. ಅಜ್ಜಿ ಪಕ್ಕಕ್ಕಿಟ್ಟಿದ್ದರ ಕಡೆ ಬೆರಳು ತೋರಿಸಿದಳು. ಅಜ್ಜ ಹೆಚ್ಚಿದ. ಒಳಗೆ ಬಿಳುಪು.

“ಅಯ್ಯೋ ಅಪ್ಪಾ, ನೀವೂ ತಪ್ಪಿದ್ರಾ!” ಅಪ್ಪ ಚಪ್ಪಾಳೆ ತಟ್ಟಿದ. “ಕಾನೂನು ಕಾನೂನೇ.”

“ಕೊಯ್ದ ಕೈ ನಂದು, ನಾನೇ ತಿನ್ತೀನಿ,” ಎಂದು ಅಜ್ಜ ಜಗಲಿಯ ಮೇಲೆ ಕೂತ. ಅಮ್ಮ ಬಂದು ಪಕ್ಕದಲ್ಲಿ ಕೂತಳು. ತನ್ನ ಕಿವಿಯನ್ನು ಮೆಲ್ಲಗೆ ಮುಟ್ಟಿ ತೋರಿಸಿ, ಪಾಲು ಕೇಳುವಂತೆ ಕೈ ಚಾಚಿದಳು. ಅಜ್ಜ ಅರ್ಧ ಕೊಟ್ಟ.

“ನೀನ್ಯಾಕೆ ತಿನ್ತೀಯ? ಕೊಯ್ದಿದ್ದು ಅಪ್ಪ ಅಲ್ವಾ?” ಅಪ್ಪ ಕೇಳಿದ.

“ನಿಮಗೂ ಒಂದು ಹೋಳು ಕೊಡ್ಲಾ?” ಎಂದಳು ಅಮ್ಮ. ಅಪ್ಪ ಬುಟ್ಟಿ ತೊಳೆಯುವ ನೆಪದಲ್ಲಿ ಜಾಗ ಖಾಲಿ ಮಾಡಿದ.

ಇಬ್ಬರೂ ಮುಖ ಸಿಂಡರಿಸದೆ ತಿಂದರು. ಒಮ್ಮೆ ಅಜ್ಜ, ರುಚಿ ಹೇಗಿದೆ ಎನ್ನುವಂತೆ, ಅವಳ ಮುಖ ನೋಡಿದ. ಅಮ್ಮ ಬಾಯಿ ತುಂಬ ಬಿಳಿಕಾಯಿ ಇಟ್ಟುಕೊಂಡೇ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು.