ಬೆಟ್ಟದ ಮೇಲೆ ದೋಣಿ ಕೊರೆದವನು

“ಲೋ ಜರ್ವೆ, ನಿನ್ನ ದೋಣಿ ಸಮುದ್ರಕ್ಕೆ ಇಳಿಯೋ ಮಾತೇ ಇಲ್ಲ ಬಿಡು. ಸಮುದ್ರಕ್ಕೇ ಹೇಳಿ ಕಳಿಸು, ಒಂದ್ಸಲ ಬೆಟ್ಟ ಹತ್ತಿ ಬಂದು ಹೋಗು ಅಂತ.”

ಹೇಳಿದವನು ಬೆಟ್ಟದ ಸಾಲಿನ ಇಲಾರಿಯೋನ್. ಹೇಳಿದ್ದು ಶನಿವಾರ ಮಧ್ಯಾಹ್ನ, ದೀವಿಹಲಸಿನ ಮರದ ಕೆಳಗೆ, ಇಡೀ ಕಾಲೊನಿ ಬೆಂಚು ಹಾಕಿಕೊಂಡು ಕೂತಿದ್ದಾಗ. ಬೆಟ್ಟದ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜರ್ವೆಯ ಸ್ವಂತ ದಂಡೆಯ ಸಾಲಿನಲ್ಲೂ ಇಬ್ಬರು ಮುಖ ಆ ಕಡೆ ತಿರುಗಿಸಿ ನಕ್ಕಿದ್ದನ್ನು ಅವನು ನೋಡಿದ. ಅಂಥದ್ದೆಲ್ಲ ಅವನ ಕಣ್ಣಿಗೆ ತಪ್ಪುತ್ತಿರಲಿಲ್ಲ. ಆರನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳ ಕಾಯ್ದು ಶಾಲೆ ಬಿಟ್ಟವನು ಅವನು. ಪಾಠ ಒಂದೂ ನೆನಪಿರಲಿಲ್ಲ, ಜಗಳ ಅಕ್ಷರ ಬಿಡದೆ ನೆನಪಿತ್ತು.

ಎರಡು ವರ್ಷದ ಹಿಂದೆ ಬಿರುಗಾಳಿ ಎರಡು ಊರನ್ನು ಒರೆಸಿ ಹಾಕಿತ್ತು. ಸರ್ಕಾರ ಕಡಲ ದಂಡೆಯವರನ್ನೂ ಬೆಟ್ಟದವರನ್ನೂ ತಂದು ಒಂದೇ ಕಾಲೊನಿಯಲ್ಲಿ ಎದುರುಬದುರು ಎರಡು ಸಾಲು ಮನೆಗಳಲ್ಲಿ ಕೂರಿಸಿತು. ಅಂದಿನಿಂದ ಎರಡು ಸಾಲಿನ ನಡುವೆ ಧಾರಾಳವಾಗಿ ಓಡಾಡುತ್ತಿದ್ದದ್ದು ಇಲಾರಿಯೋನನ ಮೇಕೆ ಒಂದೇ. ಅದಕ್ಕೇ ಪಟ್ಟಣದ ಆಫೀಸಿನವರು ಬಂದು, ಶನಿವಾರ ಶನಿವಾರ ನಿಮ್ಮ ಹಳೇ ಕತೆಗಳನ್ನು ಹೇಳಿಕೊಳ್ಳಿ, ಮನಸ್ಸು ಕೂಡುತ್ತದೆ ಎಂದು ಹೇಳಿ ಹೋಗಿದ್ದರು. ದಂಡೆಯವರು ಮೊಲದ ಕತೆ ಹೇಳಿದರೆ ಬೆಟ್ಟದವರು ಮೋಡ ನೋಡುತ್ತಿದ್ದರು. ಬೆಟ್ಟದವರು ಹುಲಿಯ ಕತೆ ಹೇಳಿದರೆ ದಂಡೆಯವರಿಗೆ ನಿದ್ದೆ ಬರುತ್ತಿತ್ತು.

ಇಲಾರಿಯೋನ್ ಹೇಳಿದ್ದು ಸುಳ್ಳಾಗಿದ್ದರೆ ಜರ್ವೆಗೆ ಅಷ್ಟು ಉರಿಯುತ್ತಿರಲಿಲ್ಲ. ಬಿರುಗಾಳಿ ಅವನ ಅಪ್ಪನ ದೋಣಿಯನ್ನು ನುಂಗಿತ್ತು. ಮೂರು ತಿಂಗಳು ಒಬ್ಬನೇ ಬೆಟ್ಟದ ಕಾಡಿನಲ್ಲಿ ಕೂತು, ದೋಣಿಗೆ ಒದಗುವ ದೊಡ್ಡ ಗೊಮ್ಯೆ ಮರ ಒಂದನ್ನು ಕಡಿದು, ಅಲ್ಲೇ ದೋಣಿ ಕೊರೆದಿದ್ದ. ಚೆಂದದ ದೋಣಿ. ಆದರೆ ಅದನ್ನು ಹಗ್ಗ ಕಟ್ಟಿ ದಂಡೆಗೆ ಎಳೆದು ತರಲು ಮೂವತ್ತು ಜನ ಬೇಕು. ಅವನ ಸಾಲಿನಲ್ಲಿ ಗಂಡಾಳು ಹನ್ನೆರಡು, ಅದರಲ್ಲಿ ಮೂವರ ಜೊತೆ ಅವನಿಗೆ ಮಾತಿಲ್ಲ. ದೋಣಿಯ ಮೂತಿಯಲ್ಲಿ ಆಗಲೇ ಬೆರಳುದ್ದ ಬಿರುಕು ಬಿಟ್ಟಿತ್ತು. ಇನ್ನು ಹತ್ತು ದಿನಕ್ಕೆ ಮಳೆ ಹಿಡಿದರೆ ದಾರಿಯೂ ಇಲ್ಲ, ದೋಣಿಯೂ ಇಲ್ಲ.

ಜರ್ವೆ ಎದ್ದು ನಿಂತ. ಮೊಲದ ಕತೆಯೊಳಗೆ ಇಲಾರಿಯೋನನನ್ನು ಸೇರಿಸಿ ಚೆನ್ನಾಗಿ ರುಬ್ಬಬೇಕು ಎಂಬುದು ಅವನ ಲೆಕ್ಕ.

“ಟಿಮ್ ಟಿಮ್,” ಎಂದು ಕೂಗಿದ.

ಕತೆ ಹೇಳುವವನು ಹಾಗೆ ಕೂಗಿದರೆ ಕೂತವರೆಲ್ಲ “ಬ್ವಾ ಸೆಷ್” ಅನ್ನಬೇಕು. ಏಳೆಂಟು ಗಂಟಲು ಅಂದವು. ಎದುರು ಸಾಲು ತುಟಿ ಬಿಚ್ಚಲಿಲ್ಲ.

“ತಡಿಯಪ್ಪ,” ಎಂದಳು ಕೂಟದ ಯಜಮಾನಿ ಮಾ ಫಿಲೋ. “ಎಲ್ರೂ ಓಗೊಡದೆ ಕತೆ ಶುರು ಮಾಡೋ ಹಾಗಿಲ್ಲ. ನಿಮ್ಮಜ್ಜನ ಕಾಲದಿಂದ ಹಾಗೇ. ಮೂರು ಸಲ ಕೂಗಬಹುದು, ಅಷ್ಟೇ.”

“ಟಿಮ್ ಟಿಮ್.”

ಈ ಸಲ ಐದು ಗಂಟಲು. ಮೇಕೆಯೂ ಒಂದು ಸಲ ಅರಚಿತು. “ಅದನ್ನೂ ಸೇರಿಸ್ಕೊ, ಜರ್ವೆ,” ಎಂದ ಇಲಾರಿಯೋನ್.

ಜರ್ವೆಯ ಕಿವಿ ಕೆಂಪಾಯಿತು. ಕೈ ಮುಷ್ಟಿಯಾಯಿತು. ಆದರೆ ಹೊಡೆಯುವುದಾದರೂ ಯಾರಿಗೆ, ಮೇಕೆಗೇ? ಅದಕ್ಕೂ ಒಮ್ಮೆ ಕಲ್ಲು ಹೊಡೆದಾಗಿತ್ತು, ಇಲಾರಿಯೋನನ ಜೊತೆ ಜಗಳ ಶುರುವಾಗಿದ್ದೇ ಅದರಿಂದ. ಬಿರುಕು ಬಿಟ್ಟ ದೋಣಿ ಕಣ್ಣ ಮುಂದೆ ಬಂತು. ಯಾಕೋ ಸಿಟ್ಟು ದಾರಿ ತಪ್ಪಿ ತನ್ನ ಕಡೆಗೇ ತಿರುಗಿತು.

“ಟಿಮ್ ಟಿಮ್,” ಎಂದ. “ಇದು ಜರ್ವೆ ಅನ್ನೋ ಕತ್ತೆ ಕತೆ.”

ಎರಡೂ ಸಾಲು ಒಟ್ಟಿಗೆ “ಬ್ವಾ ಸೆಷ್” ಎಂದ ಸದ್ದಿಗೆ ಮರದ ಮೇಲಿನ ಹಕ್ಕಿಗಳು ಎದ್ದು ಹೋದವು.

“ಈ ಕತ್ತೆಗೆ ಒಂದು ದೋಣಿ ಬೇಕಾಯ್ತು. ದೋಣಿಗೆ ಮರ ಬೇಕು, ಮರ ಸಿಕ್ತು. ಎಳೆಯೋಕೆ ಜನ ಬೇಕು. ಜನಾನೂ ಇದ್ರು. ಅದಕ್ಕೇ ಕತ್ತೆ ಏನ್ಮಾಡ್ತು? ಮೊದಲು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಒದ್ದು ಬಂತು.”

“ನಾನೂ ಅಲ್ಲಿದ್ದೆ,” ಎಂದು ಬೆಟ್ಟದ ಸಾಲಿನ ಹೆಂಗಸೊಬ್ಬಳು ಎದ್ದಳು. ಕೇಳುವವರು ಹಾಗೆ ಎದ್ದರೆ ಹೇಳುವವನು ಬಾಯಿ ಮುಚ್ಚಿ ಕಾಯಬೇಕು, ಅದೂ ಅಜ್ಜನ ಕಾಲದ್ದೇ. “ನಲ್ಲಿ ಹತ್ರ ನನ್ನ ಬಕೆಟ್ ಒದೀತು. ಆಮೇಲೆ ತಾನೇ ಆ ನೀರಲ್ಲಿ ಜಾರಿ ಬಿತ್ತು.”

“ಬಿತ್ತು,” ಎಂದು ಜರ್ವೆ ಒಪ್ಪಿಕೊಂಡ. “ಎರಡು ಸಲ.”

“ನಾನೂ ಅಲ್ಲಿದ್ದೆ,” ಎಂದ ಇಲಾರಿಯೋನ್. “ನನ್ನ ಮೇಕೆ ಇದರ ಪ್ಯಾಂಟು ತಿಂತು ಅಂತ ಬೀದಿಯೆಲ್ಲ ಕಲ್ಲು ಹಿಡ್ಕೊಂಡು ಓಡ್ತು. ಪ್ಯಾಂಟು ಹಾಕ್ಕೊಂಡೇ ಓಡಬಹುದಿತ್ತು. ಕತ್ತೆಗೆ ಇದ್ದಿದ್ದು ಒಂದೇ ಪ್ಯಾಂಟು.”

ಜರ್ವೆಯ ಸಾಲಿನವರೇ ಬೆಂಚಿನಿಂದ ಕೆಳಗೆ ಬಿದ್ದರು. ಒಬ್ಬೊಬ್ಬರಾಗಿ ಎದ್ದರು, ಈ ಸಾಲಿನಿಂದ ಒಬ್ಬ, ಆ ಸಾಲಿನಿಂದ ಒಬ್ಬಳು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಜ್ಞಾಪಿಸಿದರು. ಇಷ್ಟೊಂದು ಜನ ಅಲ್ಲಿದ್ದರೆಂದು ಜರ್ವೆಗೆ ಗೊತ್ತೇ ಇರಲಿಲ್ಲ. ಎರಡು ವರ್ಷ ಅವನು ಕಷ್ಟಪಟ್ಟು ಬಿತ್ತಿದ್ದೆಲ್ಲ ಒಂದೇ ಮಧ್ಯಾಹ್ನ ಬೆಳೆದು ಕೈಗೆ ಬಂದಿತ್ತು. ಕಾಲೊನಿಯಲ್ಲಿ ಎಲ್ಲರಿಗೂ ಸೇರಿದ್ದು ಅಂತ ಒಂದು ವಸ್ತು ಇದ್ದರೆ ಅದು ಅವನೇ.

“ಕತ್ತೆ ಈಗ ಎಲ್ಲಿದೆ?” ಎಂದು ಕೊನೆಗೆ ಮಾ ಫಿಲೋ ಕೇಳಿದಳು.

“ಬೆಟ್ಟದ ಮೇಲೆ, ದೋಣಿ ಪಕ್ಕ ಕೂತಿದೆ. ಕೇಳೋಕೆ ನಾಚಿಕೆ ಅದಕ್ಕೆ.”

ಯಾರೂ ನಗಲಿಲ್ಲ. ಇಲಾರಿಯೋನ್ ಮೂಗು ಕೆರೆದುಕೊಂಡ. “ಸೋಮವಾರ ಬೆಳಿಗ್ಗೆ,” ಎಂದ. “ಉಪ್ಪುಮೀನು, ಬಾಳೆಕಾಯಿ, ರಮ್ಮು ನಿಂದು. ಹಗ್ಗ ನಮ್ದು. ನಿಮ್ಮ ದಂಡೆಯವರ ಹಗ್ಗ ನಂಬೋಕಾಗಲ್ಲ.”

ಸೋಮವಾರ ನಲವತ್ತಾರು ಜನ ಬಂದರು. ಮರ ಎಳೆಯುವುದು ಬೆಟ್ಟದವರ ಕೈಕೆಲಸ, ಅವರು ಮುಂದೆ. ತಿರುವಿನಲ್ಲಿ ಮೂತಿ ಹಿಡಿಯುವುದು ದಂಡೆಯವರಿಗೆ ಗೊತ್ತು, ಅವರು ಪಕ್ಕದಲ್ಲಿ. “ಕತ್ತೆ ಒದೀತು” ಎಂದು ಒಬ್ಬ ಕೂಗಿದರೆ “ಜಾರಿ ಬಿತ್ತು” ಎಂದು ಎಲ್ಲರೂ ಒಟ್ಟಿಗೆ ಹಗ್ಗ ಜಗ್ಗಿದರು. ಎರಡು ಮೈಲಿ ಉದ್ದಕ್ಕೂ ಅದೇ. ಜರ್ವೆಯೂ ಹಗ್ಗ ಹಿಡಿದಿದ್ದ. ಮೊದಲ ಅರ್ಧ ಮೈಲಿ ಹಲ್ಲು ಕಚ್ಚಿದ್ದ. ಆಮೇಲೆ ಉಸಿರು ಸಾಲದೆ ಅವನೂ “ಜಾರಿ ಬಿತ್ತು” ಅನ್ನತೊಡಗಿದ. ಹಾಗೆ ಅಂದರೆ ಜಗ್ಗುವುದು ಸಲೀಸು.

ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ದೋಣಿ ಮರಳ ಮೇಲಿತ್ತು. ಬಿರುಕು ಬೆರಳುದ್ದವೇ ಇತ್ತು, ಬೆಳೆದಿರಲಿಲ್ಲ. ಇಲಾರಿಯೋನ್ ಅದರ ಸುತ್ತ ಒಂದು ಸುತ್ತು ಬಂದು, ಒಳಗೆ ಇಣುಕಿ, ಸೊಂಟದ ಮೇಲೆ ಕೈ ಇಟ್ಟುಕೊಂಡ.

“ದೋಣಿಯೇನೋ ಬಂತು. ನೀರಲ್ಲಿ ಹೋಗೋಕೆ ಹುಟ್ಟು ಎಲ್ಲೋ, ಜರ್ವೆ? ಬಾಲ ಆಡಿಸಿಕೊಂಡು ಹೋಗ್ತೀಯಾ?”

ಮೂರು ತಿಂಗಳು ದೋಣಿ ಕೊರೆದವನಿಗೆ ಹುಟ್ಟಿನ ನೆನಪೇ ಆಗಿರಲಿಲ್ಲ. ಹುಟ್ಟಿಗೆ ಆಗುವ ಮರವೆಲ್ಲ ಮೇಲೆ, ಬೆಟ್ಟದಲ್ಲೇ ಇತ್ತು. ನಲವತ್ತಾರು ಜನ, ಯಾವ ಸಾಲಿನವರು ಯಾರೆಂದು ತಿಳಿಯದಂತೆ ಕಲೆತು ನಿಂತು, ಅವನು ಏನು ಹೇಳುತ್ತಾನೋ ಎಂದು ಕಾಯುತ್ತಿದ್ದರು. ಅವನ ನಾಲಿಗೆಯ ತುದಿಯಲ್ಲಿ ನಾಲ್ಕು ಉತ್ತರಗಳಿದ್ದವು, ನಾಲ್ಕೂ ಖಾರವಾದವು.

ನಾಲ್ಕನ್ನೂ ನುಂಗಿ, ಮರಳ ಮೇಲಿದ್ದ ತನ್ನ ಕೊಡಲಿ ಎತ್ತಿ ಹೆಗಲಿಗೆ ಹಾಕಿಕೊಂಡ. ಹಿಂದೆ ಎದ್ದ ನಗುವಿಗೆ ಬೆನ್ನು ಮಾಡಿ, ಬಂದ ದಾರಿಯಲ್ಲೇ ಬೆಟ್ಟ ಹತ್ತತೊಡಗಿದ.